ಬೀಟಲ್ಸ್ ಸ್ಟುಡಿಯೊದಲ್ಲಿ ಏನು ಮಾಡುತ್ತಿದ್ದರು? ಪದೇ ಪದೇ ಕೇಳುವ ಪ್ರಶ್ನೆಗಳು

ಬೀಟಲ್ಸ್ ಅಂದರೆ 1960ರ ದಶಕದ ಇಂಗ್ಲೆಂಡಿನ ನಾಲ್ವರ ಪಾಪ್ ತಂಡ: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್. ಅವರನ್ನು ಕೇಳೋಕೆ ಶುರು ಮಾಡಿದವರು ಮೊದಲ ವಾರ ಹಾಡು ಗುನುಗುತ್ತಾರೆ. ಎರಡನೇ ವಾರದಿಂದ ಪ್ರಶ್ನೆಗಳು ಶುರು. ಇದು ಯಾವ ವಾದ್ಯ? ಈ ಹಕ್ಕಿ ಕೂಗು ಎಲ್ಲಿಂದ ಬಂತು? ಪರಿಚಯದವರಿಗೆಲ್ಲ ಒಂದೇ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

'ಲವ್ ಮಿ ಡು' ಹಾಡಿದ ಹುಡುಗರೇ ಅಲ್ವಾ ಇವರು? ಇವರಿಗೂ ಪ್ರಯೋಗಕ್ಕೂ ಏನು ಸಂಬಂಧ?

ಅದೇ ಹುಡುಗರು. 'ಲವ್ ಮಿ ಡು' ಬಂದದ್ದು 1962ರ ಅಕ್ಟೋಬರಿನಲ್ಲಿ. ಗಿಟಾರು, ಡ್ರಮ್ಸು, ಮೌತ್ ಆರ್ಗನ್ನು, ಅಷ್ಟೇ. 1966ರ ಏಪ್ರಿಲಿನಲ್ಲಿ ಅದೇ ನಾಲ್ವರು ಅದೇ ಕಟ್ಟಡದಲ್ಲಿ 'ಟುಮಾರೊ ನೆವರ್ ನೋಸ್' ರೆಕಾರ್ಡ್ ಮಾಡಿದರು. ಎರಡನ್ನೂ ಬೆನ್ನಿಗೆ ಬೆನ್ನು ಹಾಕಿ ಕೇಳಿದರೆ ಇದು ಒಂದೇ ತಂಡ ಅಂತ ನಂಬೋದು ಕಷ್ಟ. ನಡುವಿನ ಅಂತರ ಮೂರೂವರೆ ವರ್ಷ. ನಮ್ಮಲ್ಲಿ ಒಂದು ಡಿಗ್ರಿ ಮುಗಿಸಿ, ಒಂದೆರಡು ಸಪ್ಲಿಮೆಂಟರಿ ಬರೆಯುವಷ್ಟು ಕಾಲ.

ಮೊದಲ ಆಲ್ಬಂ ಒಂದೇ ದಿನದಲ್ಲಿ ಮುಗಿಸಿದರಂತೆ, ನಿಜವೇ?

ಬಹುಪಾಲು ನಿಜ. ಆಲ್ಬಮ್ಮಿನ ನಾಲ್ಕು ಹಾಡು ಮೊದಲೇ ಸಿಂಗಲ್ (ಬದಿಗೊಂದು ಹಾಡಿನ ಚಿಕ್ಕ ರೆಕಾರ್ಡು) ಆಗಿ ಬಂದಿದ್ದವು. ಉಳಿದ ಹತ್ತನ್ನು 1963ರ ಫೆಬ್ರುವರಿ 11ರಂದು, ಬೆಳಗ್ಗೆಯಿಂದ ರಾತ್ರಿಯೊಳಗೆ ಮುಗಿಸಿದರು. ಜಾಗ ಲಂಡನ್ನಿನ ಅಬ್ಬೆ ರೋಡಿನಲ್ಲಿದ್ದ, ಇಎಂಐ ಅನ್ನುವ ರೆಕಾರ್ಡ್ ಕಂಪನಿಯ ಸ್ಟುಡಿಯೊ. ಅಂದು ಜಾನ್ ಲೆನನ್‌ಗೆ ನೆಗಡಿ. ಗಂಟಲಿಗೆ ಮಾತ್ರೆ ಚೀಪುತ್ತಾ, ಹಾಲು ಕುಡಿಯುತ್ತಾ ಹಾಡುತ್ತಿದ್ದ. 'ಟ್ವಿಸ್ಟ್ ಆಂಡ್ ಶೌಟ್' ಅನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದರು. ಅದನ್ನು ಮೊದಲು ಹಾಡಿದ್ದರೆ ಬೇರೆ ಹಾಡಿಗೆ ಗಂಟಲೇ ಉಳಿಯುತ್ತಿರಲಿಲ್ಲ. ಈಗ ಕೇಳುತ್ತಿರುವುದು ಮೊದಲ ಟೇಕು. ಎರಡನೆಯದಕ್ಕೆ ಅವನ ಗಂಟಲಲ್ಲಿ ಏನೂ ಮಿಕ್ಕಿರಲಿಲ್ಲ.

ಆಗ ಸ್ಟುಡಿಯೊ ಅಂದರೆ ಫೋಟೊ ಸ್ಟುಡಿಯೊ ಇದ್ದ ಹಾಗೆ. ಹೋಗಿ, ನೆಟ್ಟಗೆ ನಿಂತು, ಇದ್ದಂತೆ ತೆಗೆಸಿಕೊಂಡು ಬರೋದು.

ಟ್ರ್ಯಾಕ್ ಅಂದರೇನು? 'ನಾಲ್ಕೇ ಟ್ರ್ಯಾಕಿನಲ್ಲಿ ಮಾಡಿದರು' ಅಂತ ಎಲ್ಲರೂ ಯಾಕೆ ಬೆರಗಾಗುತ್ತಾರೆ?

ಟಿಫಿನ್ ಕ್ಯಾರಿಯರ್ ನೆನಪಿಸಿಕೊಳ್ಳಿ. ಒಂದೊಂದು ಡಬ್ಬಿಯಲ್ಲಿ ಒಂದೊಂದು ಪದಾರ್ಥ, ಒಂದಕ್ಕೊಂದು ಸೋಕೋದಿಲ್ಲ. ಟೇಪಿನ ಟ್ರ್ಯಾಕೂ ಹಾಗೇ. ಡ್ರಮ್ಸು ಒಂದರಲ್ಲಿ, ಗಿಟಾರು ಒಂದರಲ್ಲಿ, ದನಿ ಇನ್ನೊಂದರಲ್ಲಿ. ಮೊದಲ ಆಲ್ಬಮ್ಮಿಗೆ ಇದ್ದದ್ದು ಎರಡೇ ಟ್ರ್ಯಾಕು. 1963ರ ಅಕ್ಟೋಬರಿನಲ್ಲಿ 'ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್' ರೆಕಾರ್ಡ್ ಆಗುವಾಗ ನಾಲ್ಕಾಯಿತು. 1967ರ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮಿನ ತನಕವೂ ಆ ನಾಲ್ಕೇ.

ನಾಲ್ಕು ಡಬ್ಬಿಯೂ ತುಂಬಿದ ಮೇಲೆ ಇನ್ನೂ ಏನಾದರೂ ಸೇರಿಸಬೇಕು ಅಂದರೆ? ನಾಲ್ಕನ್ನೂ ಕಲಸಿ ಇನ್ನೊಂದು ಟೇಪಿನ ಒಂದೆರಡು ಡಬ್ಬಿಗೆ ಸುರಿಯೋದು. ಉಳಿದದ್ದು ಖಾಲಿಯಾಯಿತು, ಮತ್ತೆ ತುಂಬಿಸೋದು. ಇದರಲ್ಲಿ ಎರಡು ಕಷ್ಟ. ಒಂದು, ಪ್ರತಿ ಸಲ ನಕಲು ಮಾಡುವಾಗಲೂ 'ಸ್ಸ್' ಅನ್ನುವ ಟೇಪಿನ ಸದ್ದು ಏರುತ್ತದೆ. ಇನ್ನೊಂದು, ಕಲಸಿದ್ದು ಕಲಸಿದ ಹಾಗೆಯೇ. ಬಿಸಿಬೇಳೆಬಾತ್ ಆದಮೇಲೆ ಬೇಳೆ ಬೇರೆ ಅನ್ನ ಬೇರೆ ಮಾಡೋಕಾಗಲ್ಲ. ಡ್ರಮ್ಸಿನ ಸದ್ದು ಎಷ್ಟಿರಬೇಕು ಅಂತ ಆಗಲೇ, ಅಲ್ಲೇ ತೀರ್ಮಾನ ಮಾಡಬೇಕು.

ಈಗ ನಮ್ಮ ಲ್ಯಾಪ್‌ಟಾಪಿನಲ್ಲಿ ನೂರು ಟ್ರ್ಯಾಕು ಇರುತ್ತವೆ. 'ಆಮೇಲೆ ನೋಡ್ಕೊಳ್ಳೋಣ' ಅಂತ ಎಲ್ಲವನ್ನೂ ಇಟ್ಟುಕೊಂಡಿರುತ್ತೇವೆ. ಅವರಿಗೆ ಆಮೇಲೆ ಅನ್ನೋದೇ ಇರಲಿಲ್ಲ. ಆ ಹಾಡುಗಳಲ್ಲಿ ಕಾಣುವ ಗಟ್ಟಿತನಕ್ಕೆ ಅರ್ಧ ಕಾರಣ ಈ ಬಡತನವೇ ಅಂತ ನನ್ನ ನಂಬಿಕೆ.

ಬದಲಾವಣೆ ಎಲ್ಲಿಂದ ಶುರುವಾಯಿತು?

ಸಣ್ಣ ಸಣ್ಣ ಕಿತಾಪತಿಗಳಿಂದ. 1964ರ 'ಐ ಫೀಲ್ ಫೈನ್' ಶುರುವಿನಲ್ಲಿ ಗಿಟಾರು 'ಗುಂಯ್ಯ್' ಅನ್ನುತ್ತದೆ. ನಮ್ಮೂರ ಸಭೆಗಳಲ್ಲಿ ಮೈಕು ಕೀಚಲು ಕೂಗಿದಾಗ ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರಲ್ಲ, ಅದೇ ಜಾತಿಯ ಸದ್ದು. ಬೇರೆ ಯಾರಾದರೂ ಆಗಿದ್ದರೆ ಅಳಿಸುತ್ತಿದ್ದರು. ಇವರು ಅದನ್ನೇ ಹಾಡಿನ ಬಾಗಿಲು ಮಾಡಿಕೊಂಡರು.

1965ರ 'ಯೆಸ್ಟರ್ಡೇ'ಯಲ್ಲಿ ಪಾಲ್ ಮೆಕಾರ್ಟ್ನಿ ಒಬ್ಬನೇ. ಜೊತೆಗೆ ಒಂದು ಗಿಟಾರು, ನಾಲ್ಕು ತಂತಿವಾದ್ಯ. ಅದೇ ವರ್ಷದ 'ಇನ್ ಮೈ ಲೈಫ್' ನಡುವೆ ಹಳೇ ಕಾಲದ ಹಾರ್ಪ್ಸಿಕಾರ್ಡ್ ಥರ ಒಂದು ವಾದ್ಯ ಬರುತ್ತದೆ. ಅದು ಪಿಯಾನೊ. ಅವರ ರೆಕಾರ್ಡುಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅಷ್ಟು ವೇಗವಾಗಿ ನುಡಿಸಲು ಆಗದೆ ಟೇಪಿನ ವೇಗ ಅರ್ಧ ಮಾಡಿ, ಒಂದು ಸ್ಥಾಯಿ ಕೆಳಗೆ, ನಿಧಾನವಾಗಿ ನುಡಿಸಿದ. ಟೇಪು ಮಾಮೂಲಿ ವೇಗದಲ್ಲಿ ಓಡಿದಾಗ ಸ್ವರ ಮೇಲೇರಿತು, ವೇಗ ಎರಡರಷ್ಟಾಯಿತು, ಪಿಯಾನೊದ ನಾದವೇ ಬದಲಾಯಿತು. ಮಾಡಿದ್ದು ಬೆರಳು ಓಡದ್ದಕ್ಕೆ ಒಂದು ಉಪಾಯ. ಸಿಕ್ಕಿದ್ದು ಹೊಸ ಸದ್ದು.

ಸಿತಾರ್ ಹೇಗೆ ಬಂತು? ಅದು ಸುಮ್ನೆ ಶೋಕಿಗಾ?

ಮೊದಲ ಸಲ ಹೆಚ್ಚುಕಡಿಮೆ ಶೋಕಿಯೇ. ಬೀಟಲ್ಸ್ ನಟಿಸಿದ 'ಹೆಲ್ಪ್' ಸಿನಿಮಾದ ಒಂದು ಹೋಟೆಲ್ ದೃಶ್ಯದಲ್ಲಿ ಭಾರತೀಯ ವಾದ್ಯಗಾರರು ಇದ್ದರು. ಜಾರ್ಜ್ ಹ್ಯಾರಿಸನ್ ಸಿತಾರನ್ನು ಕೈಯಲ್ಲಿ ಹಿಡಿದದ್ದು ಅಲ್ಲಿ. ಆಮೇಲೆ ಲಂಡನ್ನಿನ ಒಂದು ಅಂಗಡಿಯಲ್ಲಿ ಕೊಂಡು, 1965ರ 'ನಾರ್ವೀಜಿಯನ್ ವುಡ್'ನಲ್ಲಿ ನುಡಿಸಿದ. ಸಿತಾರ್ ಕೇಳಿ ಬೆಳೆದ ನಮ್ಮ ಕಿವಿಗೆ ಅದು ಗಿಟಾರಿನವನು ಸಿತಾರ್ ಹಿಡಿದ ಹಾಗೆಯೇ ಕೇಳುತ್ತದೆ. ಮೀಂಡ್ ಇಲ್ಲ, ಗಮಕ ಇಲ್ಲ.

ಆದರೆ ಅವನು ಅಲ್ಲಿಗೇ ಬಿಡಲಿಲ್ಲ. 1966ರಲ್ಲಿ ಪಂಡಿತ್ ರವಿಶಂಕರ್ ಪರಿಚಯವಾಯಿತು. ಅದೇ ವರ್ಷ ಮುಂಬೈಗೆ ಬಂದು ಅವರ ಹತ್ತಿರ ಕಲಿತ. 1968ರ ಜನವರಿಯಲ್ಲಿ ಮುಂಬೈನ ಎಚ್ಎಂವಿ ಸ್ಟುಡಿಯೊದಲ್ಲಿ ನಮ್ಮ ಕಲಾವಿದರನ್ನೇ ಕೂರಿಸಿ 'ದಿ ಇನ್ನರ್ ಲೈಟ್' ಹಾಡಿನ ವಾದ್ಯಭಾಗ ರೆಕಾರ್ಡ್ ಮಾಡಿದ. ಅದರಲ್ಲಿ ಕೊಳಲು ಹರಿಪ್ರಸಾದ್ ಚೌರಾಸಿಯಾ ಅವರದು. ದನಿಯನ್ನು ಲಂಡನ್ನಿನಲ್ಲಿ ಸೇರಿಸಿದರು. ಬೀಟಲ್ಸ್ ಸಿಂಗಲ್ ಒಂದರಲ್ಲಿ ಜಾರ್ಜ್ ಬರೆದ ಹಾಡು ಬಂದದ್ದು ಅದೇ ಮೊದಲು.

'ಟುಮಾರೊ ನೆವರ್ ನೋಸ್' ಬಗ್ಗೆ ಇಷ್ಟೊಂದು ಮಾತು ಯಾಕೆ?

ಯಾಕೆಂದರೆ ಅಲ್ಲಿ ಎಲ್ಲ ಬಾಗಿಲುಗಳೂ ಒಟ್ಟಿಗೇ ತೆರೆದವು. 'ರಿವಾಲ್ವರ್' ಆಲ್ಬಮ್ಮಿನ ಕೊನೆಯ ಹಾಡು ಇದು. ಆದರೆ ಮೊದಲು ರೆಕಾರ್ಡ್ ಮಾಡಿದ್ದೇ ಇದನ್ನು, 1966ರ ಏಪ್ರಿಲ್ 6ರಂದು.

ಹಾಡು ಹೆಚ್ಚುಕಡಿಮೆ ಒಂದೇ ಆಧಾರ ಸ್ವರದ ಮೇಲೆ ನಿಂತಿದೆ. ಕೆಳಗೆ ತಂಬೂರಿ ಮಿಡಿಯುತ್ತಿರುತ್ತದೆ. ನಮಗೆ ಅದರಲ್ಲೇನೂ ವಿಶೇಷ ಕಾಣೋದಿಲ್ಲ, ಭಜನೆಯೂ ಹಾಗೇ ಅಲ್ವಾ? ಅಲ್ಲಿನ ಪಾಪ್ ಹಾಡಿಗೆ ಅದು ವಿಚಿತ್ರ.

ಬೆಟ್ಟದ ತುದಿಯಲ್ಲಿ ದಲೈ ಲಾಮಾ ಮಂತ್ರ ಹೇಳಿದ ಹಾಗೆ ತನ್ನ ದನಿ ಕೇಳಬೇಕು ಅಂದ ಲೆನನ್. ಹುಕುಂ ಕೊಡೋದು ಸುಲಭ. ಮಾಡಬೇಕಾದವನು ಜೆಫ್ ಎಮರಿಕ್, ಇಪ್ಪತ್ತು ವರ್ಷದ ಹೊಸ ಎಂಜಿನಿಯರ್. ಸ್ಟುಡಿಯೊದಲ್ಲಿ ಹ್ಯಾಮಂಡ್ ಆರ್ಗನ್ನಿನ ಜೊತೆಗೆ ಬರುವ ಲೆಸ್ಲಿ ಸ್ಪೀಕರ್ ಇತ್ತು. ಅದರೊಳಗೆ ಸದ್ದು ಗಿರಗಿರ ತಿರುಗುತ್ತದೆ. ಲೆನನ್ ದನಿಯನ್ನು ಅದರೊಳಗೆ ಹಾಯಿಸಿ, ಎದುರಿಗೆ ಮೈಕು ಇಟ್ಟರು. ಹಾಡಿನ ಎರಡನೇ ಅರ್ಧದಲ್ಲಿ ದನಿ ದೂರದಿಂದ, ಅಲೆಅಲೆಯಾಗಿ ಬರೋದು ಅದರಿಂದಲೇ. ಲೆನನ್‌ಗೆ ಖುಷಿಯೋ ಖುಷಿ. ನನ್ನನ್ನೇ ಸೂರಿನಿಂದ ಹಗ್ಗದಲ್ಲಿ ತೂಗುಬಿಟ್ಟು ಮೈಕಿನ ಸುತ್ತ ತಿರುಗಿಸಿದರೆ ಹೇಗೆ ಅಂತ ಕೇಳಿದನಂತೆ!

ಡ್ರಮ್ಸಿನ ಕಥೆ ಬೇರೆ. ರಿಂಗೊ ಸ್ಟಾರ್‌ನ ದೊಡ್ಡ ಡ್ರಮ್ಮಿನೊಳಗೆ ಎಮರಿಕ್ ಒಂದು ಉಣ್ಣೆ ಸ್ವೆಟರ್ ತುರುಕಿದ. ಮೈಕನ್ನು ಇಎಂಐ ನಿಯಮ ಒಪ್ಪುವುದಕ್ಕಿಂತ ಹತ್ತಿರ ತಂದ. ಅಷ್ಟು ಹತ್ತಿರ ತಂದರೆ ಮೈಕು ಹಾಳಾಗುತ್ತದೆ ಅನ್ನೋದು ಅಲ್ಲಿನ ಹಿರಿಯರ ಭಯ. ಆ 'ಧಬ್' ಅನ್ನುವ ಏಟು ಅಲ್ಲಿಂದ ಬಂತು.

ಇನ್ನು ಲೂಪುಗಳು. ಪಾಲ್ ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಆಟವಾಡುತ್ತಿದ್ದ. ಹಳೇ ಸದ್ದು ಅಳಿಸುವ ಭಾಗ ಕೆಲಸ ಮಾಡದಂತೆ ಮಾಡಿದರೆ ಸದ್ದಿನ ಮೇಲೆ ಸದ್ದು ಪೇರುತ್ತಾ ಹೋಗುತ್ತದೆ. ಟೇಪಿನ ಎರಡು ತುದಿ ಅಂಟಿಸಿದರೆ ಅದು ಬಳೆಯ ಹಾಗೆ ಸುತ್ತುತ್ತಲೇ ಇರುತ್ತದೆ. ಅಂಥ ಐದು ಲೂಪು ಆರಿಸಿದರು. ಒಂದೊಂದಕ್ಕೂ ಒಂದೊಂದು ಮೆಷಿನ್ ಬೇಕು. ಬೇರೆ ಬೇರೆ ಕೋಣೆಗಳ ಮೆಷಿನ್‌ಗಳನ್ನೆಲ್ಲ ತಂತಿ ಎಳೆದು ಜೋಡಿಸಿದರು. ಪ್ರತಿ ಮೆಷಿನ್ನಿನ ಮುಂದೆ ಒಬ್ಬ ನಿಂತು, ಟೇಪು ಸಡಿಲವಾಗದಂತೆ ಪೆನ್ಸಿಲ್ಲಿಗೆ ಸಿಕ್ಕಿಸಿ ಹಿಡಿದಿದ್ದ. ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ತೂರಿಸಿ ಟೇಪು ಸುತ್ತಿದವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟಬಹುದು. ಸದ್ದುಗಳನ್ನು ಬೆರೆಸುವ ಮಿಕ್ಸಿಂಗ್ ಡೆಸ್ಕಿನ ಮುಂದೆ ಕೂತವರು ಒಂದೊಂದನ್ನೇ ಏರಿಸುತ್ತಾ ಇಳಿಸುತ್ತಾ ಹೋದರು. ಅದನ್ನು ಇನ್ನೊಂದು ಸಲ ಅದೇ ರೀತಿ ಮಾಡೋದು ಯಾರಿಂದಲೂ ಆಗದ ಕೆಲಸ.

ಹಾಂ, ಆ ಹಕ್ಕಿ ಕೂಗು. ಅದು ಹಕ್ಕಿಯಲ್ಲ. ವೇಗ ಹೆಚ್ಚಿಸಿದ ಪಾಲ್‌ನ ನಗು.

ಟೇಪನ್ನು ಉಲ್ಟಾ ಹಾಕಿದರಂತಲ್ಲ?

ಹೌದು. 'ರೇನ್' ಹಾಡಿನ ಕೊನೆಯಲ್ಲಿ ಲೆನನ್ ದನಿ ಹಿಂದುಮುಂದಾಗಿದೆ. 'ಐ ಆಮ್ ಓನ್ಲಿ ಸ್ಲೀಪಿಂಗ್'ನಲ್ಲಿ ಗಿಟಾರು ಉಲ್ಟಾ. ಉಲ್ಟಾ ಓಡಿಸಿದಾಗ ಯಾವ ಸ್ವರ ಎಲ್ಲಿ ಬೀಳಬೇಕು ಅಂತ ಮೊದಲು ಲೆಕ್ಕ ಹಾಕಿ, ಅದನ್ನು ಹಿಂದಿನಿಂದ ಮುಂದಕ್ಕೆ ಕಲಿತು ನುಡಿಸಿದ ಜಾರ್ಜ್. ಒಂದು ಚಿಕ್ಕ ತುಣುಕಿಗೆ ಗಂಟೆಗಟ್ಟಲೆ ಹಿಡಿಯಿತು. ಕೇಳುವವರಿಗೆ ಮಾತ್ರ ಅದು ಆಕಳಿಕೆ ಬಂದ ಗಿಟಾರು.

ಅಷ್ಟು ಜನ ಸೇರುತ್ತಿದ್ದರೂ ಸ್ಟೇಜ್ ಯಾಕೆ ಬಿಟ್ಟರು?

ಕಿರುಚಾಟದಲ್ಲಿ ಅವರ ಹಾಡು ಅವರಿಗೇ ಕೇಳುತ್ತಿರಲಿಲ್ಲ. ಟಿಕೆಟ್ ಕೊಟ್ಟು ನಡೆಸಿದ ಕೊನೆಯ ಕಾರ್ಯಕ್ರಮ 1966ರ ಆಗಸ್ಟ್ 29ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅದೇ ತಿಂಗಳು 'ರಿವಾಲ್ವರ್' ಬಂದಿತ್ತು. ಅದರ ಒಂದು ಹಾಡನ್ನೂ ಅವರು ಸ್ಟೇಜ್ ಮೇಲೆ ನುಡಿಸಲಿಲ್ಲ. ಐದು ಮೆಷಿನ್ನು, ಐದು ಪೆನ್ಸಿಲ್ಲು ಹೊತ್ತುಕೊಂಡು ಎಲ್ಲಿಗೆ ಅಂತ ಹೋಗೋದು?

'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಎರಡು ಹಾಡು ಅಂಟಿಸಿ ಮಾಡಿದ್ದಾ?

ಒಂದೇ ಹಾಡಿನ ಎರಡು ರೂಪ. ಏಳನೇ ಟೇಕು ಮೆಲುವಾಗಿತ್ತು. ಇಪ್ಪತ್ತಾರನೇ ಟೇಕು ಜೋರು: ಟ್ರಂಪೆಟ್ಟು, ಚೆಲೊ, ಧಡಧಡ ಡ್ರಮ್ಸು. ಲೆನನ್‌ಗೆ ಮೊದಲಿನದರ ಶುರುವೂ ಬೇಕು, ಎರಡನೆಯದರ ಕೊನೆಯೂ ಬೇಕು. ಶ್ರುತಿ ಬೇರೆ, ಲಯ ಬೇರೆ, ಸೇರಿಸೋದು ಹೇಗೆ ಅಂತ ಮಾರ್ಟಿನ್ ತಲೆ ಮೇಲೆ ಕೈ ಹೊತ್ತ. ನಿನ್ನ ಕೈಲಿ ಆಗುತ್ತೆ ಬಿಡು ಅನ್ನೋ ಥರ ಮಾತಾಡಿ ಲೆನನ್ ಕೈ ತೊಳೆದುಕೊಂಡ.

ಅದೃಷ್ಟ ಕೈ ಹಿಡಿಯಿತು. ಟೇಪು ನಿಧಾನ ಮಾಡಿದರೆ ಲಯವೂ ಇಳಿಯುತ್ತದೆ, ಶ್ರುತಿಯೂ ಇಳಿಯುತ್ತದೆ. ಇಪ್ಪತ್ತಾರನೆಯದು ವೇಗದಲ್ಲೂ ಶ್ರುತಿಯಲ್ಲೂ ಮೇಲೆ ಇತ್ತು. ಒಂದನ್ನು ಚೂರು ಏರಿಸಿ, ಇನ್ನೊಂದನ್ನು ಇಳಿಸಿದಾಗ ಎರಡೂ ಕೂಡಿಕೊಂಡವು. ಬೆಸುಗೆ ಇರೋದು ಸರಿಸುಮಾರು ಒಂದು ನಿಮಿಷಕ್ಕೆ. ಗಡಿಯಾರ ನೋಡುತ್ತಾ ಕೇಳಿ. ದನಿ ಸ್ವಲ್ಪ ದಪ್ಪಗಾಗಿ ಹೊಗೆಯೊಳಗೆ ಹೊಕ್ಕಂತೆ ಅನ್ನಿಸುತ್ತದೆ. ಒಮ್ಮೆ ಗೊತ್ತಾದ ಮೇಲೆ ಕೇಳಿಸದೆ ಇರೋದಿಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಅಂದಹಾಗೆ ಇದರಲ್ಲಿ ನಮ್ಮ ಸ್ವರಮಂಡಲವೂ ಇದೆ. ನುಡಿಸಿದ್ದು ಜಾರ್ಜ್ ಹ್ಯಾರಿಸನ್.

'ಸಾರ್ಜೆಂಟ್ ಪೆಪ್ಪರ್' ನಿಜವಾಗಿ ಅಷ್ಟು ದೊಡ್ಡದಾ?

ಹಾಡು ಹಾಡಾಗಿ ತೂಗಿದರೆ ನನ್ನ ಓಟು 'ರಿವಾಲ್ವರ್'ಗೆ. 'ಪೆಪ್ಪರ್'ನಲ್ಲಿ ಒಂದೆರಡು ಹಾಡು ಬರೀ ಅಲಂಕಾರದ ಮೇಲೆ ನಿಂತಿವೆ. ಆದರೆ ಸ್ಟುಡಿಯೊದಲ್ಲಿ ಕೂತು ಆಡಿದ ಆಟದಲ್ಲಿ ಅದನ್ನು ಮೀರಿಸಿದ್ದು ಕಡಿಮೆ. ಮೊದಲ ಆಲ್ಬಮ್ಮಿನ ಆ ಒಂದು ದಿನದ ಎದುರಿಗೆ ಇದಕ್ಕೆ ಸುಮಾರು 700 ಗಂಟೆ ಹಿಡಿಯಿತು.

'ಬೀಯಿಂಗ್ ಫಾರ್ ದಿ ಬೆನಿಫಿಟ್ ಆಫ್ ಮಿಸ್ಟರ್ ಕೈಟ್' ಸರ್ಕಸ್ಸಿನ ಹಾಡು. ಸರ್ಕಸ್ ನೆಲದ ಮರದ ಹೊಟ್ಟಿನ ವಾಸನೆ ಬರಬೇಕು ಅಂದ ಲೆನನ್. ಮಾರ್ಟಿನ್ ಹಳೇ ಆರ್ಗನ್ ಸಂಗೀತದ ಟೇಪುಗಳನ್ನು ತುಂಡು ತುಂಡಾಗಿ ಕತ್ತರಿಸಿಸಿ, ಗಾಳಿಗೆ ತೂರಿಸಿ, ಕೈಗೆ ಸಿಕ್ಕ ಹಾಗೆ ಅಂಟಿಸಲು ಹೇಳಿದ. ಜಾತ್ರೆಯಲ್ಲಿ ತೊಟ್ಟಿಲು ಜೋರಾಗಿ ತಿರುಗುವಾಗ ಕೇಳುವ ಗದ್ದಲವೇ ಅದು.

'ಎ ಡೇ ಇನ್ ದಿ ಲೈಫ್' ನಡುವೆ 24 ಬಾರ್ (ತಾಳದ ಆವರ್ತ ಇದ್ದ ಹಾಗೆ) ಖಾಲಿ ಬಿಟ್ಟಿದ್ದರು. ಏನು ತುಂಬಬೇಕು ಅಂತಲೇ ಗೊತ್ತಿರಲಿಲ್ಲ. ಸಹಾಯಕ ಮ್ಯಾಲ್ ಇವಾನ್ಸ್ ಒಂದು, ಎರಡು ಅಂತ ಎಣಿಸಿ, ಕೊನೆಗೆ ಅಲಾರಂ ಗಡಿಯಾರ ಬಾರಿಸಿದ. ಆಮೇಲೆ 1967ರ ಫೆಬ್ರುವರಿ 10ರಂದು 40 ಜನ ವಾದ್ಯಗಾರರನ್ನು ಕರೆಸಿದರು. ಅವರಿಗೆ ಸಿಕ್ಕ ಸೂಚನೆ ವಿಚಿತ್ರ: ನಿಮ್ಮ ವಾದ್ಯದ ಅತಿ ಕೆಳಗಿನ ಸ್ವರದಿಂದ ಅತಿ ಮೇಲಿನ ಸ್ವರಕ್ಕೆ ನಿಮ್ಮಷ್ಟಕ್ಕೆ ನೀವೇ ಏರಿ, ಪಕ್ಕದವನನ್ನು ಅನುಸರಿಸಬೇಡಿ. ಜನ್ಮವಿಡೀ ಪಕ್ಕದವನ ಜೊತೆ ಒಂದಾಗಿ ನುಡಿಸೋದನ್ನೇ ಕಲಿತವರು ಅವರು. ಬಿಗುಮಾನ ಬಿಡಲಿ ಅಂತ ಕಾಗದದ ಟೋಪಿ, ಹುಸಿ ಮೂಗು ಹಂಚಿದರು. ಕೋಟು ಬೋ ಟೈ ಹಾಕಿದ ಪಿಟೀಲು ವಾದಕರ ಮುಖ್ಯಸ್ಥರು ಕೈಗೆ ಗೊರಿಲ್ಲಾ ಪಂಜ ಹಾಕಿಕೊಂಡು ಕಮಾನು ಹಿಡಿದರು.

ಎಲ್ಲಾ ಜಾರ್ಜ್ ಮಾರ್ಟಿನ್ ಕೈಚಳಕ ಅಂತಾರಲ್ಲ?

ಎಲ್ಲಾ ಅಲ್ಲ, ಆದರೆ ಅವನಿಲ್ಲದೆ ಆಗುತ್ತಿರಲಿಲ್ಲ. ಮಾರ್ಟಿನ್ ಶಾಸ್ತ್ರೀಯವಾಗಿ ಕಲಿತವನು. ಬೀಟಲ್ಸ್‌ಗಿಂತ ಮೊದಲು ಪೀಟರ್ ಸೆಲರ್ಸ್ ಮುಂತಾದವರ ಹಾಸ್ಯದ ರೆಕಾರ್ಡುಗಳನ್ನು ಮಾಡುತ್ತಿದ್ದ. ಟೇಪು ಕತ್ತರಿಸಿ ಅಂಟಿಸಿ ತಮಾಷೆ ಸದ್ದು ಹುಟ್ಟಿಸೋದು ಅವನಿಗೆ ಹಳೇ ಅಭ್ಯಾಸ. ಲೆನನ್ 'ಕಿತ್ತಳೆ ಬಣ್ಣದ ಸದ್ದು ಬೇಕು' ಅನ್ನೋ ಥರದ ಆಸಾಮಿ. ಅದನ್ನು ಸ್ವರಕ್ಕೆ, ಮೆಷಿನ್ನಿಗೆ ಅನುವಾದ ಮಾಡುವವನು ಮಾರ್ಟಿನ್.

ನನಗೆ ಬೇಜಾರಾಗೋದು ಎಂಜಿನಿಯರ್‌ಗಳ ಹೆಸರು ಯಾರೂ ಎತ್ತದಿದ್ದಾಗ. ದನಿ ದಪ್ಪಗಾಗಲು ಒಂದೇ ಸಾಲನ್ನು ಎರಡು ಸಲ ಹಾಡೋದು ಲೆನನ್‌ಗೆ ಬೇಸರ. ಕೆನ್ ಟೌನ್‌ಸೆಂಡ್ 1966ರಲ್ಲಿ ಎರಡು ಟೇಪ್ ಮೆಷಿನ್ ಜೋಡಿಸಿ, ಒಂದು ಸಲ ಹಾಡಿದ್ದು ಕೂದಲೆಳೆಯಷ್ಟು ತಡವಾಗಿ ಮತ್ತೆ ಬರುವಂತೆ ಮಾಡಿದ. ಅದೇ ಮುಂದೆ ಎಡಿಟಿ (ಆರ್ಟಿಫಿಶಿಯಲ್ ಡಬಲ್ ಟ್ರ್ಯಾಕಿಂಗ್) ಅಂತ ಹೆಸರಾಯಿತು. ಇವತ್ತಿಗೂ ಆ ಹೆಸರಿನ ಪ್ಲಗಿನ್, ಅಂದರೆ ಕಂಪ್ಯೂಟರಿಗೆ ಹಾಕುವ ಪುಟ್ಟ ಸಾಫ್ಟ್‌ವೇರ್, ಸಿಗುತ್ತದೆ.

ಎಲ್ಲಾ ಡ್ರಗ್ಸ್ ಮಹಿಮೆ ಅಲ್ವಾ?

ತೆಗೆದುಕೊಳ್ಳುತ್ತಿದ್ದರು, ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಪೆನ್ಸಿಲ್ ಹಿಡಿದು ನಿಂತವರು ನೌಕರಿಗೆ ಬಂದವರು. ನಶೆಯಲ್ಲಿ ಟೇಪು ಬೆಸೆಯೋಕಾಗಲ್ಲ.

ಒಂದು ಕಡೆಯ ಇಯರ್‌ಫೋನಿನಲ್ಲಿ ದನಿಯೇ ಕೇಳಲ್ಲ. ನನ್ನದು ಕೆಟ್ಟಿದೆಯಾ?

ಇರಲಿಕ್ಕಿಲ್ಲ. ನನಗೂ ಹೀಗೇ ಆಗಿತ್ತು. ಬಸ್ಸಿನಲ್ಲಿ ಕೂತು 'ನೋವೇರ್ ಮ್ಯಾನ್' ಹಾಕಿದೆ. ನನ್ನ ಇಯರ್‌ಫೋನಿನ ಬಲಗಡೆ ಹೋಗಿತ್ತು. ಆ ಹಾಡು ಬರೀ ದನಿಗಳಿಂದ ಶುರುವಾಗುತ್ತದೆ. ಹಳೇ ಸ್ಟೀರಿಯೊದಲ್ಲಿ ದನಿ ಪೂರ್ತಿ ಬಲಕ್ಕೆ, ವಾದ್ಯ ಎಡಕ್ಕೆ. ಏನೂ ಕೇಳದೆ ನೆಟ್‌ವರ್ಕ್ ಇಲ್ಲ ಅಂದುಕೊಂಡು ಫೋನ್ ಅಲ್ಲಾಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಗಿಟಾರು, ಡ್ರಮ್ಸು ಮಾತ್ರ ಬಂದವು. ಹಾಡುವವರೇ ಇಲ್ಲದ ಹಾಡು!

ಆಗ ಮನೆಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ಸ್ಪೀಕರಿನ ಮೋನೊ. ಬೀಟಲ್ಸ್ ಎದುರಿಗೆ ಕೂತು ತಿದ್ದುತ್ತಿದ್ದದ್ದೂ ಮೋನೊ ಮಿಕ್ಸನ್ನೇ. 'ಪೆಪ್ಪರ್'ನ ಸ್ಟೀರಿಯೊವನ್ನು ಅವರಿಲ್ಲದೆ ಕೆಲವೇ ದಿನಗಳಲ್ಲಿ ಮುಗಿಸಿದರು. ಎರಡಕ್ಕೂ ವ್ಯತ್ಯಾಸ ಎಷ್ಟು ಅಂದರೆ, 'ಶೀಸ್ ಲೀವಿಂಗ್ ಹೋಮ್' ಮೋನೊದಲ್ಲಿ ಬೇಗ ಓಡುತ್ತದೆ, ಶ್ರುತಿಯೂ ಮೇಲಿದೆ. ಸಿಕ್ಕರೆ ಮೋನೊ ಕೇಳಿ.

ಆಮೇಲೆ ಯಾಕೆ ಸರಳ ಹಾಡುಗಳಿಗೆ ಮರಳಿದರು?

ಸುಸ್ತು, ಜಗಳ ಎರಡೂ ಇತ್ತು. 1968ರ 'ವೈಟ್ ಆಲ್ಬಂ'ನಲ್ಲಿ 30 ಹಾಡುಗಳಿವೆ. ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಕೂತು ಕೆಲಸ ಮಾಡಿದ್ದೂ ಉಂಟು. ವಾತಾವರಣ ತಾಳಲಾರದೆ ಎಮರಿಕ್ ನಡುವೆಯೇ ಬಿಟ್ಟು ಹೋದ. ರಿಂಗೊ ಕೂಡ ಕೆಲವು ದಿನ ಹೋಗಿಬಿಟ್ಟ. ವಾಪಸ್ ಬಂದಾಗ ಅವನ ಡ್ರಮ್ಸಿಗೆ ಹೂವಿನ ಅಲಂಕಾರ ಮಾಡಿದ್ದರು. ನಮ್ಮ ಆಯುಧಪೂಜೆ ನೆನಪಾಗುತ್ತದೆ.

1969ರ ಜನವರಿಯಲ್ಲಿ ಯಾವ ಸ್ಟುಡಿಯೊ ಚಮತ್ಕಾರವೂ ಬೇಡ, ನಾಲ್ವರೂ ಕೂತು ನುಡಿಸೋಣ ಅಂತ ಹೊರಟರು. ಅದು 'ಲೆಟ್ ಇಟ್ ಬಿ' ಆಯಿತು. ಕೊನೆಗೆ ಆ ಟೇಪುಗಳು ಅಮೆರಿಕದ ನಿರ್ಮಾಪಕ ಫಿಲ್ ಸ್ಪೆಕ್ಟರ್ ಕೈಗೆ ಹೋದವು. ಅವನು ಅದರ ಮೇಲೆ ವಾದ್ಯವೃಂದ, ಕೋರಸ್ಸು ಎಲ್ಲ ಸುರಿದ. ಪಾಲ್‌ಗೆ ಬಂದ ಸಿಟ್ಟು ನ್ಯಾಯವಾದದ್ದೇ.

'ಅಬ್ಬೆ ರೋಡ್' ಆಲ್ಬಂ ಮುಗಿದ ಮೇಲೆ ಒಂದು ಪುಟ್ಟ ಹಾಡು ಬರುತ್ತದಲ್ಲ, ಅದೇನು?

'ಹರ್ ಮೆಜೆಸ್ಟಿ', ಅರ್ಧ ನಿಮಿಷವೂ ಇಲ್ಲ. ಮೊದಲು ಅದು ಎರಡನೇ ಬದಿಯ ಹಾಡುಮಾಲೆಯ ನಡುವೆ ಇತ್ತು. ಇಷ್ಟವಾಗದೆ ತೆಗೆದುಹಾಕಿ ಅಂದ ಪಾಲ್. ಬೀಟಲ್ಸ್ ಟೇಪಿನ ಒಂದು ತುಂಡನ್ನೂ ಎಸೆಯಬಾರದು ಅಂತ ಸ್ಟುಡಿಯೊದ ಅಪ್ಪಣೆ. ಸಹಾಯಕ ಎಂಜಿನಿಯರ್ ಜಾನ್ ಕರ್ಲ್ಯಾಂಡರ್ ಅದನ್ನು ಖಾಲಿ ಟೇಪಿನ ಆಚೆ, ಕೊನೆಯಲ್ಲಿ ಅಂಟಿಸಿಟ್ಟ. ಮುಂದೆ ಕೇಳಿದಾಗ ಮೌನದ ನಂತರ ಅದು ಧುತ್ತೆಂದು ಬಂತು. ಪಾಲ್‌ಗೆ ಹಿಡಿಸಿತು, ಹಾಗೇ ಬಿಟ್ಟರು. ಅದರ ಮೊದಲ ಏಟು, ಮಾಲೆಯಲ್ಲಿ ಅದಕ್ಕೆ ಮುಂಚೆ ಇದ್ದ ಹಾಡಿನದು. ಅದರ ಸ್ವಂತ ಕೊನೆಯ ಸ್ವರ ಕತ್ತರಿಗೆ ಸಿಕ್ಕಿ ಹೋಗಿದೆ.

2023ರ 'ನೌ ಆಂಡ್ ದೆನ್' ಎಐ ಹಾಡಿದ್ದಾ?

ಅಲ್ಲ. ಹಾಡಿದ್ದು ಲೆನನ್ನೇ. 1970ರ ದಶಕದ ಕೊನೆಯಲ್ಲಿ ಮನೆಯಲ್ಲೇ ಕ್ಯಾಸೆಟ್ಟಿಗೆ ಹಾಡಿಕೊಂಡದ್ದು. ದನಿ, ಪಿಯಾನೊ ಒಂದಕ್ಕೊಂದು ಅಂಟಿಕೊಂಡಿದ್ದವು. 1995ರಲ್ಲಿ ಉಳಿದ ಮೂವರು ಪ್ರಯತ್ನಿಸಿ ಕೈಬಿಟ್ಟಿದ್ದರು. ಈಗ ಕಂಪ್ಯೂಟರಿಗೆ ಕಲಿಸಿ ದನಿಯನ್ನಷ್ಟೇ ಎತ್ತಿ ತೆಗೆದರು. ಬಿಸಿಬೇಳೆಬಾತಿನಿಂದ ಬೇಳೆ ಬೇರೆ ಮಾಡೋಕೆ ಕೊನೆಗೂ ಒಂದು ಜರಡಿ ಸಿಕ್ಕಿತು ಅನ್ನಿ.

ಎಲ್ಲಿಂದ ಕೇಳೋಕೆ ಶುರು ಮಾಡಲಿ?

ಮೊದಲು 'ಟ್ವಿಸ್ಟ್ ಆಂಡ್ ಶೌಟ್'. ಆಮೇಲೆ 'ಇನ್ ಮೈ ಲೈಫ್', 'ಟುಮಾರೊ ನೆವರ್ ನೋಸ್', 'ಸ್ಟ್ರಾಬೆರಿ ಫೀಲ್ಡ್ಸ್'. ಕೊನೆಗೆ 'ಎ ಡೇ ಇನ್ ದಿ ಲೈಫ್', ರಾತ್ರಿ ಮನೆಯವರು ಮಲಗಿದ ಮೇಲೆ, ಒಳ್ಳೆ ಹೆಡ್‌ಫೋನ್ ಹಾಕಿಕೊಂಡು. ಕೊನೆಯಲ್ಲಿ ಹಲವು ಪಿಯಾನೊಗಳು ಒಟ್ಟಿಗೆ ಒಂದೇ ಏಟು ಹೊಡೆಯುತ್ತವೆ. ನಾದ ಇಳಿದ ಹಾಗೆಲ್ಲ ಎಂಜಿನಿಯರ್ ವಾಲ್ಯೂಮ್ ಏರಿಸುತ್ತಾ ಹೋಗಿದ್ದಾನೆ. ನೀವೂ ಏರಿಸಿ. ಇನ್ನೇನು ಮುಗಿಯಿತು ಅನ್ನುವಾಗ ಯಾರೋ ಅಲುಗಾಡಿದ್ದಕ್ಕೆ ಒಂದು ಕುರ್ಚಿ 'ಕಿರ್' ಅನ್ನುತ್ತದೆ.